ಗಿಡಕುಟಿಗನ ಅಡ್ಡಹೆಸರು

ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯಲ್ಲಿ ಮರಗಳಿಲ್ಲ. ಗಾಬರಿಯಾಗಬೇಡಿ. ನೆರಳಿದೆ, ಹಣ್ಣಿದೆ, ಹಣ್ಣಿಗೆ ಕಲ್ಲೆಸೆಯುವ ಹುಡುಗರಿದ್ದಾರೆ, ಕಲ್ಲೆಸೆದವರನ್ನು ಬೈಯುವ ಅಜ್ಜಿಯರೂ ಇದ್ದಾರೆ. ಇಲ್ಲದ್ದು ಆ ಮಾತು ಮಾತ್ರ. ಇಲ್ಲಿ ಬೇವಿನದೂ ಗಿಡ, ಮಾವಿನದೂ ಗಿಡ, ಅರ್ಧ ಊರು ಕೂತು ರಾಜಕೀಯ ಮಾತಾಡಿದರೂ ಇನ್ನರ್ಧ ಊರಿಗೆ ಜಾಗ ಉಳಿಸುವ ಆಲದ್ದೂ ಗಿಡವೇ. ಮರ ಎಂದರೆ ಬೇರೆ. ಅದು ಅಡುಗೆಮನೆಯ ಗೋಡೆಗೆ ಒರಗಿರುತ್ತದೆ, ಜೋಳ ಹಸನು ಮಾಡಲು ಬೇಕಾದಾಗ ಕೈಗೆ ಬರುತ್ತದೆ. ತೆಂಕಣದವರು ಅದನ್ನೇ ಮೊರ ಎನ್ನುತ್ತಾರೆ.

ಹೀಗಿರುವಲ್ಲಿ ಕೊರಳಿಗೆ ದುರ್ಬೀನು, ಬಗಲಿಗೆ ಹಕ್ಕಿಪುಸ್ತಕ ಸಿಕ್ಕಿಸಿಕೊಂಡು ಬಂದವನೊಬ್ಬ 'ಮರಕುಟಿಗ ಎಲ್ಲಿದೆ?' ಎಂದು ಕೇಳಿದರೆ ಏನಾಗಬೇಕು? ಮರಕ್ಕೆ ಬಂದು ಕಾಳು ಕುಟುಕುವುದು ಗುಬ್ಬಿ. ಅದು ಬಿಟ್ಟರೆ ಮನೆಯ ಕೋಳಿ. ಎರಡನ್ನೂ ಕಾಣಲು ದುರ್ಬೀನು ಬೇಡ. ಧೂಪದಾಳದ ಹತ್ತಿರ ಒಬ್ಬ ಹಿರಿಯರನ್ನು ನಾನು ಹಾದಿ ಬದಲಿಸಿ ಕೇಳಿದೆ. ಬೆರಳು ತೋರಿಸಿ, "ಕಾಕಾ, ಯಾವ ಹಕ್ಕಿ ಅದು?" ಎಂದೆ. ಅವರು ತಲೆಯೆತ್ತುವ ಶ್ರಮವನ್ನೂ ತೆಗೆದುಕೊಳ್ಳದೆ, ಸದ್ದು ಕೇಳಿಯೇ, "ಗಿಡಾ ಕುಕ್ಕೂದ್ರಿ ಅದು" ಎಂದರು. ಹೆಸರೂ ಅದೇ, ವಿವರಣೆಯೂ ಅದೇ. ನಾನು ಅಂದಿನಿಂದ ಈ ಸೀಮೆಯ ಮಟ್ಟಿಗೆ ಅದನ್ನು ಗಿಡಕುಟಿಗ ಎಂದು ತಿದ್ದಿಕೊಂಡಿದ್ದೇನೆ. ಯಾವ ಪಕ್ಷಿಶಾಸ್ತ್ರಜ್ಞರ ಒಪ್ಪಿಗೆಯನ್ನೂ ಪಡೆದಿಲ್ಲ. ಗಿಡದ ಒಪ್ಪಿಗೆ ಪಡೆಯಲು ಹಕ್ಕಿಯೇ ಕಾಯುವುದಿಲ್ಲವಲ್ಲ.

ಹೆಸರಿನ ಪುರಾಣಕ್ಕೆ ಹೋಗುವ ಮುನ್ನ ಹೆಸರಿನ ಒಡೆಯನನ್ನು ನೋಡಿಬಿಡೋಣ. ಘಟಪ್ರಭೆಗೆ ಅಡ್ಡಲಾಗಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಧೂಪದಾಳದ ಒಡ್ಡಿದೆ. ಅದರ ಹಿನ್ನೀರು, ನಡುಗಡ್ಡೆಗಳನ್ನೆಲ್ಲ ಸೇರಿಸಿ ಸುಮಾರು 30 ಚದರ ಕಿಲೋಮೀಟರನ್ನು 1974ರಲ್ಲಿ ಪಕ್ಷಿಧಾಮ ಮಾಡಿದರು. ಚಳಿಗಾಲದಲ್ಲಿ ಇಲ್ಲಿಗೆ ದೂರದೇಶದ ಕೊಕ್ಕರೆಗಳೂ ಕ್ರೌಂಚಗಳೂ ಬರುತ್ತವೆ. ಬಂದವರು ಅವನ್ನು ನೋಡುತ್ತಾರೆ. ಸರಿ, ನೆಂಟರಿಗೆ ಮೊದಲ ಮಣೆ. ಅಷ್ಟರಲ್ಲಿ ಹಿಂದಿನ ಬೇವಿನ ಗಿಡದಲ್ಲಿ ಮನೆಯವನೊಬ್ಬ ಕಿಟಾರನೆ ನಕ್ಕು ತನ್ನ ಇರವನ್ನು ತಿಳಿಸುತ್ತಾನೆ. ಕುದುರೆ ಕೆನೆಯುವುದಕ್ಕೂ ನಗುವಿಗೂ ನಡುವಿನ ಏರುದನಿ ಅದು. ತಿರುಗಿ ನೋಡಿದರೆ ಕಾಂಡದ ಆಚೆ ಬದಿಗೆ ಸರಿದು ಒಂದೇ ಕಣ್ಣು ಹೊರಹಾಕಿರುತ್ತಾನೆ. ನೀವು ಬಲಕ್ಕೆ ಹೋದರೆ ಅವನು ಎಡಕ್ಕೆ. ಈ ಪ್ರದಕ್ಷಿಣೆಯಲ್ಲಿ ಪುಣ್ಯ ಯಾರಿಗೆ ಹೋಗುತ್ತದೋ, ಕತ್ತಿನ ನೋವು ಮಾತ್ರ ನನಗೆ ಬಂದಿದೆ.

ಸುಮ್ಮನೆ ಕುಳಿತರೆ ತಾನಾಗಿ ಈಚೆ ಬರುತ್ತಾನೆ. ಬೆನ್ನು ನೋಡಿ: ಜಾತ್ರೆಯಲ್ಲಿ ಪಲ್ಲಕ್ಕಿಗೆ ತೂರಿದ ಭಂಡಾರ ಗುರಿತಪ್ಪಿ ಇವನ ಮೇಲೆ ಬಿದ್ದ ಹಾಗಿದೆ, ಅಂಥ ಅರಿಸಿನ. ಅದರ ಕೆಳಗೆ, ರೆಕ್ಕೆ ಬಿಚ್ಚಿದಾಗ ಕಾಣುವ ಸೊಂಟ ಕಪ್ಪು. ಗಂಟಲೂ ಕಪ್ಪು, ಅದರ ಮೇಲೆ ಬಿಳಿಯ ಚುಕ್ಕೆ. ಗಂಡಿಗೆ ಹಣೆಯಿಂದ ಜುಟ್ಟಿನವರೆಗೂ ಕೆಂಪು; ಹೆಣ್ಣಿಗೆ ಕೆಂಪು ಜುಟ್ಟಿಗಷ್ಟೇ, ಮುಂದಲೆಯಲ್ಲಿ ಕಪ್ಪಿನ ಮೇಲೆ ಬಿಳಿ ಚಿಕ್ಕಿ. ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಬಿರುಸಾದ ಬಾಲದ ಗರಿಗಳನ್ನು ತೊಗಟೆಗೆ ಒತ್ತಿ ಊರಿ, ಮೂರು ಕಾಲಿನ ಆಸನ ಮಾಡಿಕೊಂಡು ಕೆಲಸಕ್ಕೆ ಇಳಿಯುತ್ತಾನೆ. ಮೊದಲು ಕುಟ್ಟುವುದಲ್ಲ, ತಟ್ಟುವುದು. ಕೊಕ್ಕಿನಿಂದ ಅಲ್ಲೊಮ್ಮೆ ಇಲ್ಲೊಮ್ಮೆ ತಟ್ಟಿ, ತಲೆ ಓರೆ ಮಾಡಿ, ಒಳಗೆ ಟೊಳ್ಳಿದೆಯೇ ಎಂದು ವಿಚಾರಿಸುತ್ತಾನೆ. ಇದ್ದರೆ ನಾಲಗೆ ಹೊರಬರುತ್ತದೆ. ಆ ನಾಲಗೆಯ ಬುಡದ ಎಲುಬು ತಲೆಬುರುಡೆಯ ಹಿಂದಿನಿಂದ ಸುತ್ತಿ ನೆತ್ತಿಯ ಮೇಲೆ ಹಾದು ಮುಂದಕ್ಕೆ ಬರುವಷ್ಟು ಉದ್ದ. ಇಷ್ಟುದ್ದ ನಾಲಗೆಯಿದ್ದೂ ಚಾಡಿ ಹೇಳದ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ.

ಇವನ ಕಸುಬು ಕಂಡು ನೆರೆಹೊರೆಯ ಭಾಷೆಗಳು ಇವನನ್ನು ತಂತಮ್ಮ ಊರಿನ ಓಣಿಗೆ ಸೇರಿಸಿಕೊಂಡಿವೆ. ಮರಾಠಿಯಲ್ಲಿ ಸುತಾರ ಪಕ್ಷಿ, ತೆಲುಗಿನಲ್ಲಿ ವಡ್ರಂಗಿ ಪಿಟ್ಟ. ಎರಡೂ ಕಡೆ ಬಡಿಗ. ನಮ್ಮಲ್ಲಿ ಆಗಿದ್ದರೆ ಬಡಿಗೇರ ಓಣಿಯಲ್ಲಿ ಒಂದು ಮನೆ, ಪಂಚಾಯಿತಿ ಉತಾರದಲ್ಲಿ ಒಂದು ಸಾಲು ಸಿಗುತ್ತಿತ್ತು. ತಮಿಳರೂ ಮಲಯಾಳಿಗಳೂ ನಮ್ಮ ಹಾಗೆ ಮರ ಕೊತ್ತುವುದನ್ನಷ್ಟೇ ಹೇಳಿ ಜಾತಿ ಕೇಳದೆ ಬಿಟ್ಟರು. ಸಂಸ್ಕೃತದವರು ದಾರ್ವಾಘಾಟ ಎಂದರು. ಉಚ್ಚರಿಸುವಾಗ ಹಲ್ಲಿಗೆ ಒಂದೆರಡು ಪೆಟ್ಟು ಬೀಳುವುದರಿಂದ ಆ ಹೆಸರಿನ ಬಗ್ಗೆ ನನಗೆ ವಿಶೇಷ ಗೌರವ.

ಆದರೆ ಇವೆಲ್ಲ ಮನೆಮಂದಿಯ ಕೂಗುಹೆಸರು. ದಾಖಲೆಯ ಹೆಸರು ಬೇರೆಯೇ ಇದೆ: ಡೈನೋಪಿಯಂ ಬೆಂಗಾಲೆನ್ಸ್. ಈ ಪದಜೋಡಿಯನ್ನು ಮೊದಲ ಸಲ ಓದಿದಾಗ ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟು ಕೇಳಬೇಕೆನಿಸಿತು. ಇದನ್ನು ಬಿಡಿಸಿಕೊಳ್ಳಲು ನಮ್ಮ ಕಡೆಯ ಅಡ್ಡಹೆಸರಿನ ಪದ್ಧತಿ ಗೊತ್ತಿರಬೇಕು. ಉತ್ತರ ಕರ್ನಾಟಕದಲ್ಲಿ ಹೆಸರಿಗೊಂದು ಅಡ್ಡಹೆಸರು ಇದ್ದೇ ಇದೆ. ಕೆಲವರದು ಕಸುಬು: ಕಂಬಾರ, ಹೂಗಾರ. ಕೆಲವರದು ಸಂತೆಯ ಚೀಲ: ಮೆಣಸಿನಕಾಯಿ, ಉಳ್ಳಾಗಡ್ಡಿ. ಬಹಳ ಜನರದು ಊರು. ಸ್ವೀಡನ್ನಿನ ಲಿನೇಯಸ್ ಜೀವಲೋಕಕ್ಕೆ ಮಾಡಿದ್ದೂ ಇಷ್ಟೇ. ಮೊದಲು ಮನೆತನ, ಆಮೇಲೆ ಒಂದು ಗುರುತು. ಆ ಗುರುತು ಬಣ್ಣವಿರಬಹುದು, ಊರಿರಬಹುದು, ಯಾರದೋ ನೆನಪಿರಬಹುದು. ಹುಬ್ಬಳ್ಳಿಯವರು ಶಾಲೆಯ ಹಾಜರಿ ಪಟ್ಟಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಉಪ್ಸಾಲದವನು ಗ್ರಂಥ ಬರೆದು ಮಾಡಿದ.

ಆ ಗ್ರಂಥದ ಹತ್ತನೆಯ ಆವೃತ್ತಿ ಬಂದದ್ದು 1758ರಲ್ಲಿ. ಪ್ರಾಣಿಗಳ ಹೆಸರಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರು. ಅದಕ್ಕೂ ಮೊದಲಿನ ಹೆಸರುಗಳು ಕಾನೂನಿನ ಕಣ್ಣಿಗೆ ಇಲ್ಲ. ದಾರ್ವಾಘಾಟವೂ ಇಲ್ಲ, ನಮ್ಮ ಕಾಕಾ ಅವರ ಮುತ್ತಜ್ಜ ಏನೆನ್ನುತ್ತಿದ್ದರೋ ಅದೂ ಇಲ್ಲ. ಲಿನೇಯಸ್ ಈ ಹಕ್ಕಿಯನ್ನು ಗಿಡದ ಮೇಲೆ ಕಂಡವನಲ್ಲ. ಇಂಡಿಯಾಕ್ಕೇ ಬಂದವನಲ್ಲ. ಲಂಡನ್ನಿನಲ್ಲಿ ಎಲಿಯಾಜರ್ ಆಲ್ಬಿನ್ ಎಂಬ ಚಿತ್ರಕಾರ 1731ರಿಂದ 1738ರವರೆಗೆ ಮೂರು ಸಂಪುಟಗಳಲ್ಲಿ ಹಕ್ಕಿಗಳ ಚಿತ್ರ ಹೊರತಂದಿದ್ದ. ಮಗಳು ಎಲಿಜಬೆತ್ ಅಪ್ಪನ ಕೆಲಸಕ್ಕೆ ಕೈಗೂಡಿಸುತ್ತಿದ್ದಳು. ಅದರಲ್ಲೊಂದು ಬಂಗಾಳದ ಮರಕುಟಿಗ. ಅದನ್ನು ಆಧರಿಸಿ ಲಿನೇಯಸ್ ಪೈಕಸ್ ಬೆಂಗಾಲೆನ್ಸಿಸ್ ಎಂದು ಬರೆದುಕೊಂಡ. ಅಲ್ಲಿಗೆ ಗೋಕಾಕದಲ್ಲಿ ಹುಟ್ಟಿ, ಗೋಕಾಕದಲ್ಲಿ ಮೊಟ್ಟೆಯಿಟ್ಟು, ಹಿಡಕಲ್ ಜಲಾಶಯದ ಆಚೆ ದಡವನ್ನೂ ನೋಡದೆ ಮುಗಿಯಬಹುದಾದ ಹಕ್ಕಿಯ ಅಡ್ಡಹೆಸರು ಬಂಗಾಳಿ ಎಂದಾಯಿತು.

ಇದರಲ್ಲಿ ಅನ್ಯಾಯವೇನಾದರೂ ಇದೆಯೇ ಎಂದು ನಾನು ಒಂದು ಮಧ್ಯಾಹ್ನವಿಡೀ ಯೋಚಿಸಿದೆ. ಯೋಚಿಸಲು ಬೇರೇನೂ ಇಲ್ಲದ ಮಧ್ಯಾಹ್ನಗಳು ನನ್ನ ಬಳಿ ಧಾರಾಳವಾಗಿವೆ. ಅನ್ಯಾಯವಿಲ್ಲ ಎಂದು ಹೇಳಿದವರು ಇಬ್ಬರು ದೊಡ್ಡವರು. ಒಬ್ಬರು ಹುಕ್ಕೇರಿ ಬಾಳಪ್ಪ, ಸಾವಿರ ಹಾಡಿನ ಸರದಾರ. ಆ ಕಂಠ ಹುಟ್ಟಿದ ಊರು ಸವದತ್ತಿ ಸೀಮೆಯ ಮುರಗೋಡ. ಹುಕ್ಕೇರಿ ಅವರ ಹೆಸರಿಗೆ ಅಂಟಿ ನಾಡೆಲ್ಲ ತಿರುಗಿತು. ಇನ್ನೊಬ್ಬರು ವಿನಾಯಕ ಕೃಷ್ಣ ಗೋಕಾಕ. ಅವರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟಿತು, ಅದು ಜಾರಿಯಾಗಲಿ ಎಂದು ನಾಡೇ ಬೀದಿಗಿಳಿಯಿತು, ಗೋಕಾಕ ಚಳವಳಿ ಎಂದು ಹೆಸರಾಯಿತು. ಈಗಲೂ ಯಾರಾದರೂ ಕಾಲೇಜು ಹುಡುಗ ಆ ಚಳವಳಿ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಶುರುವಾಯಿತೆಂದು ಉತ್ತರ ಬರೆದರೆ ಅಂಕ ಕಳೆಯಲು ನನಗೆ ಮನಸ್ಸಾಗದು. ಊರಿನ ಹೆಸರು ಮನುಷ್ಯನಿಗೆ, ಮನುಷ್ಯನ ಹೆಸರು ಸಮಿತಿಗೆ, ಸಮಿತಿಯದು ವರದಿಗೆ, ವರದಿಯದು ಚಳವಳಿಗೆ. ಹೆಸರು ಹೀಗೆ ಊರೂರು ಅಲೆಯುತ್ತ ಹೋದರೆ ಊರು ಮಾತ್ರ ತನ್ನ ಪಾಡಿಗೆ ಕರದಂಟು ಕಟ್ಟುತ್ತ ಕುಳಿತಿತ್ತು. ಅಡ್ಡಹೆಸರು ವಿಳಾಸವಲ್ಲ, ಎಲ್ಲಿಂದಲೋ ಹೊರಟ ಮಾತು ಯಾರ ಹೆಗಲ ಮೇಲೆ ಬಂದು ಕೂತಿತೆಂಬ ಕಥೆ, ಅಷ್ಟೇ.

ಕಥೆ ಎಂದಾಗ ಪೈಕಸ್ ಎಂಬ ಮನೆತನದ ಕಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ರೋಮಿನ ಪುರಾಣದಲ್ಲಿ ಪೈಕಸ್ ಒಬ್ಬ ರಾಜ, ಶನಿದೇವನ ಮಗ. ಬೇಟೆಗೆ ಹೋದವನನ್ನು ಸರ್ಸಿ ಎಂಬ ಮಾಯಗಾತಿ ನೋಡಿ ಮೋಹಿಸಿದಳು. ಇವನು ಒಲ್ಲೆ ಎಂದ, ಮನೆಯಲ್ಲಿ ಕ್ಯಾನೆನ್ಸ್ ಎಂಬ ಹಾಡುಗಾರ್ತಿ ಹೆಂಡತಿಯಿದ್ದಳು. ಸಿಟ್ಟಾದ ಸರ್ಸಿ ಅವನನ್ನು ಹಕ್ಕಿ ಮಾಡಿದಳು. ಕೊರಳ ಬಳಿಯ ಚಿನ್ನದ ಕೊಂಡಿ ಚಿನ್ನದ ಗರಿಯಾಯಿತು, ಕೋಪವೆಲ್ಲ ಕೊಕ್ಕಿಗಿಳಿದು ಮರಗಳ ಮೇಲೆ ತೀರತೊಡಗಿತು. ಓವಿಡ್ ಕವಿ ಇದನ್ನು ತನ್ನ ರೂಪಾಂತರಗಳ ಕಾವ್ಯದ ಹದಿನಾಲ್ಕನೆಯ ಭಾಗದಲ್ಲಿ ಹೇಳುತ್ತಾನೆ. ಹೆಂಡತಿ ಹುಡುಕಿ ಹುಡುಕಿ, ಹಾಡಿ ಹಾಡಿ, ಕರಗಿ ಗಾಳಿಯಾದಳು. ಕರಗಿದವಳಿಗೂ ಪಕ್ಷಿಶಾಸ್ತ್ರದವರು ಒಂದು ಮೈ ಕೊಟ್ಟಿದ್ದಾರೆ: ದಾಂಡೇಲಿಯ ಕಾಡಿನಲ್ಲಿ, ರೆಕ್ಕೆಯ ಮೇಲೆ ಹೃದಯದಾಕಾರದ ಕಪ್ಪು ಚುಕ್ಕೆಗಳಿರುವ ಒಂದು ಪುಟ್ಟ ಮರಕುಟಿಗವಿದೆ, ಅದರ ಹೆಸರು ಹೆಮಿಸರ್ಕಸ್ ಕ್ಯಾನೆಂಟೆ. ಗಂಡ ಗೋಕಾಕದ ಬೇವಿನಲ್ಲಿ, ಹೆಂಡತಿ ದಾಂಡೇಲಿಯ ಮತ್ತಿಯಲ್ಲಿ. ನಡುವೆ ಬಸ್ಸುಗಳಿವೆ, ಆದರೆ ಇಬ್ಬರಿಗೂ ಪರಸ್ಪರರ ಲ್ಯಾಟಿನ್ ಹೆಸರು ಗೊತ್ತಿಲ್ಲ.

ಪೈಕಸ್ ಮನೆಯಲ್ಲಿ ಜನ ಹೆಚ್ಚಾದಂತೆ ಪಾಲು ಶುರುವಾಯಿತು. ನಮ್ಮ ಹೊಂಬೆನ್ನಿನವನನ್ನು ಒಂದು ಕಾಲಕ್ಕೆ ಬ್ರಾಕಿಪ್ಟರ್ನಸ್, ಅಂದರೆ ಮೋಟು ಹಿಮ್ಮಡಿ, ಎಂಬ ಮನೆಗೆ ಕಳಿಸಿದರು. ಹಿಂಬೆರಳೊಂದು ತೀರ ಚಿಕ್ಕದೆಂಬ ಕಾರಣಕ್ಕೆ. ಕೊನೆಗೆ ನೆಲೆ ನಿಂತದ್ದು ಡೈನೋಪಿಯಂ ಮನೆಯಲ್ಲಿ. 1814ರಲ್ಲಿ, ಸಿಸಿಲಿಯಲ್ಲಿದ್ದಾಗ, ರಾಫಿನೆಸ್ಕ್ ಎಂಬ ನಿಸರ್ಗಶಾಸ್ತ್ರಜ್ಞ ಕಟ್ಟಿದ ಗ್ರೀಕ್ ಮಾತು ಅದು. ಘನವಾದ ಮುಖ, ಭಾರೀ ಚಹರೆ ಎಂಬಂಥ ಅರ್ಥ. ಮೋಟು ಹಿಮ್ಮಡಿಯಿಂದ ಘನಮುಖಕ್ಕೆ ಬಡ್ತಿ. ಆದರೆ ಮನೆ ಬದಲಾದಾಗ ಇನ್ನೊಂದು ಸೂಕ್ಷ್ಮ ನಡೆಯಿತು. ಪೈಕಸ್ ಪುಲ್ಲಿಂಗ, ಅದಕ್ಕೆ ಬೆಂಗಾಲೆನ್ಸಿಸ್ ಒಪ್ಪಿತ್ತು. ಡೈನೋಪಿಯಂ ನಪುಂಸಕಲಿಂಗ, ಲ್ಯಾಟಿನ್ ವ್ಯಾಕರಣ ವಿಶೇಷಣದ ಬಾಲ ಕತ್ತರಿಸಿ ಬೆಂಗಾಲೆನ್ಸ್ ಮಾಡಿತು. ಯುರೋಪಿನ ಪಂಡಿತರು ಇಷ್ಟೆಲ್ಲ ತಿಣುಕಿ ತಲುಪಿದ ತೀರ್ಮಾನಕ್ಕೆ ಕನ್ನಡ ಮೊದಲೇ ತಲುಪಿತ್ತು. ನಮ್ಮಲ್ಲಿ ಹಕ್ಕಿ ಬಂತು, ಹಕ್ಕಿ ಹೋಯಿತು. ಜುಟ್ಟು ಪೂರಾ ಕೆಂಪಿರಲಿ, ಅರ್ಧ ಕೆಂಪಿರಲಿ, ಅದು ಅದೇ. ನಾನು ಮೇಲೆ 'ಅವನು' ಎಂದು ಬರೆದದ್ದು ಸಲಿಗೆಯಿಂದ, ವ್ಯಾಕರಣದ ಕೇಶಿರಾಜ ಕ್ಷಮಿಸಲಿ.

ಇನ್ನು ಈ ಸೀಮೆಯ ಎರಡನೆಯ ಗಿಡಕುಟಿಗನ ಸಂಗತಿ. ಇದು ಗಾತ್ರದಲ್ಲಿ ಹೊಂಬೆನ್ನಿನದಕ್ಕಿಂತ ಬಹಳ ಚಿಕ್ಕದು, ಗೇಣಿನ ಅಳತೆ ಸಾಲದು. ಮೈಯೆಲ್ಲ ಕಂದುಗಪ್ಪು, ಅದರ ಮೇಲೆ ಬಿಳಿ ಚಿಕ್ಕಿ; ಹಣೆ ಹಳದಿ; ಗಂಡಾದರೆ ಹಳದಿಯ ಹಿಂದೆ ಒಂದಿಷ್ಟು ಕೆಂಪು. ಹೊಟ್ಟೆಯ ನಡುವೆಯೂ ಒಂದು ಕೆಂಪು ಕಲೆಯುಂಟು, ಅದನ್ನು ಕಾಣಲು ನೀವು ಕೆಳಗಿರಬೇಕು, ಅದು ಮೇಲಿರಬೇಕು, ಬಿಸಿಲು ಸರಿಯಾದ ಕಡೆಯಿಂದ ಬರಬೇಕು. ಒಣ ಬಯಲಿನ ಜಾಲಿಗಿಡ ಇದಕ್ಕೆ ಇಷ್ಟ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಥಮ್ 1801ರಲ್ಲಿ ಇದಕ್ಕೆ ಇಟ್ಟ ಹೆಸರು ಪೈಕಸ್ ಮಹ್ರಾಟೆನ್ಸಿಸ್, ಮರಾಠಾ ದೇಶದ ಮರಕುಟಿಗ.

ಇಲ್ಲಿ ಸ್ವಲ್ಪ ಹುಷಾರಾಗಿ ನಡೆಯಬೇಕು, ಏಕೆಂದರೆ ಇದು ಬೆಳಗಾವಿ ಜಿಲ್ಲೆ. 1801ರಲ್ಲಿ ಪೇಶ್ವೆಯರ ಕಾಲ ಇನ್ನೂ ಮುಗಿದಿರಲಿಲ್ಲ, ಅದು ಮುಗಿದದ್ದು 1818ರಲ್ಲಿ. ಆಮೇಲೆ ಕಂಪನಿ ಬಂತು, ಮುಂಬಯಿ ಪ್ರಾಂತ ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, 2014ರಲ್ಲಿ ಬೆಳಗಾಂ ಬೆಳಗಾವಿಯಾಯಿತು. ಗಡಿಯ ತಂಟೆಗೆ 1967ರ ಮಹಾಜನ ವರದಿಯಿದೆ, ವರದಿಗೆ ತಕರಾರಿದೆ, ತಕರಾರಿಗೆ ಕೋರ್ಟಿದೆ. ಇಷ್ಟರ ನಡುವೆ ಜಾಲಿಗಿಡದಲ್ಲಿ ಕೂತ ಈ ಚಿಕ್ಕ ಪ್ರಾಣಿ ಮಹ್ರಾಟೆನ್ಸಿಸ್ ಎಂಬ ಫಲಕ ಹೊತ್ತು ನಿರಾತಂಕವಾಗಿ ಕುಟುಕುತ್ತಿದೆ. ಯಾರೂ ಅದಕ್ಕೆ ಮಸಿ ಬಳಿದಿಲ್ಲ. ಲ್ಯಾಟಿನ್ನಿನಲ್ಲಿ ಬರೆದ ಫಲಕದ ಸೌಖ್ಯವೇ ಅದು.

ಇಂಗ್ಲಿಷಿನವರು ಮಾತ್ರ ತಮ್ಮ ಫಲಕವನ್ನು ಎರಡು ಸಲ ಬದಲಿಸಿದರು. ಮೊದಲು ಮಹ್ರಾಟಾ ವುಡ್‌ಪೆಕರ್, ಆಮೇಲೆ ಯೆಲ್ಲೋ ಫ್ರಂಟೆಡ್ ಪೈಡ್ ವುಡ್‌ಪೆಕರ್, ಈಗ ಯೆಲ್ಲೋ ಕ್ರೌನ್ಡ್ ವುಡ್‌ಪೆಕರ್. ಹಣೆಯ ಹಳದಿ ಕಿರೀಟದ ಹಳದಿಯಾಗಿ ಏರಿತು. ಹೊಂಬೆನ್ನಿನದಕ್ಕೂ ಹೀಗೇ: ಲೆಸರ್ ಗೋಲ್ಡನ್ ಬ್ಯಾಕ್ಡ್ ಎಂದು ಚಿನ್ನ ತೊಡಿಸಿದವರು, ಒಂದು ದಿನ ಚಿನ್ನ ತೆಗೆದು ಬೆಂಕಿ ಹಚ್ಚಿ, ಬ್ಲ್ಯಾಕ್ ರಂಪ್ಡ್ ಫ್ಲೇಮ್‌ಬ್ಯಾಕ್ ಮಾಡಿದರು. ಬೆನ್ನಲ್ಲಿ ಹೊನ್ನು ಹೊತ್ತ ಜೀವವನ್ನು ಕರಿಸೊಂಟದಿಂದ ಗುರುತಿಸುವುದು ಯಾವ ಸೌಜನ್ಯವೋ! ಮಹ್ರಾಟೆನ್ಸಿಸ್‌ನ ಮನೆತನವೂ ಅತ್ತಿತ್ತ ಓಡಾಡಿದೆ. ಪೈಕಸ್ ಬಿಟ್ಟು ಡೆಂಡ್ರೊಕೋಪಸ್ ಸೇರಿತು, ಆ ಗ್ರೀಕ್ ಹೆಸರು ನಮ್ಮ ಮರಕುಟಿಗದ ಸೋದರಸಂಬಂಧಿ. ಅಲ್ಲಿಂದ ಬೋನಪಾರ್ಟ್ ಎಂಬ ಪಕ್ಷಿಶಾಸ್ತ್ರಜ್ಞ 1854ರಲ್ಲಿ ಕಟ್ಟಿದ ಲಿಯೋಪೈಕಸ್ ಮನೆಗೆ ದತ್ತು ಬಂತು. ಈಗ ಆ ಮನೆಗೆ ಇದೊಂದೇ ಕುಡಿ. ಎಷ್ಟು ಮನೆ ಸುತ್ತಿದರೂ ಮಹ್ರಾಟೆನ್ಸಿಸ್ ಎಂಬುದು ಮಾತ್ರ ಕಳಚಲಿಲ್ಲ. ಮೊದಲು ಇಟ್ಟ ಹೆಸರೇ ಕೊನೆಯತನಕ ಎಂಬುದು ನಾಮಶಾಸ್ತ್ರದ ಕಟ್ಟಳೆ. ಸರಿಯೋ ತಪ್ಪೋ, ಹೊಂದುತ್ತದೋ ಇಲ್ಲವೋ, ಯಾರೂ ಕೇಳುವಂತಿಲ್ಲ. ನಾಮಕರಣದ ದಿನ ತೊಟ್ಟಿಲ ಬಳಿ ನಿಂತ ಸೋದರತ್ತೆಗೂ ಇಷ್ಟು ಅಧಿಕಾರವಿಲ್ಲ.

ಇಂಥ ಕಟ್ಟಳೆಯ ಒಣಗಾಡಿನಲ್ಲೂ ಒಂದು ಹೆಸರು ನನಗೆ ತಂಪು ತರುತ್ತದೆ. ಹೊಂಬೆನ್ನಿನ ಮರಕುಟಿಗದಲ್ಲಿ ಪ್ರಾಂತಕ್ಕೊಂದರಂತೆ ಉಪಜಾತಿಗಳಿವೆ. ದಕ್ಷಿಣದ ಬಯಲಿನದಕ್ಕೆ ಗಂಟಲ ಚುಕ್ಕೆ ನೋಡಿ ಪಂಕ್ಟಿಕೋಲೆ ಎಂದರು, ಚುಕ್ಕೆಗೊರಳಿನದು. ಕೇರಳದ ಮಲೆನಾಡಿನದು ಬೆನ್ನಲ್ಲಿ ತುಸು ಹಸಿರು ಬೆರೆತದ್ದು. ಅದಕ್ಕೆ ವಿಸ್ಲರ್, ಕಿನ್ನಿಯರ್ ಎಂಬಿಬ್ಬರು 1934ರಲ್ಲಿ ತೆಹಮಿನೆ ಎಂದು ಹೆಸರಿಟ್ಟರು. ತೆಹಮಿನಾ, ಸಲೀಂ ಅಲಿಯವರ ಪತ್ನಿ. ಗಂಡನ ಜೊತೆ ಕಾಡುಮೇಡು ತಿರುಗಿ ಶಿಬಿರ ನಡೆಸಿದಾಕೆ, 1939ರಲ್ಲೇ ತೀರಿಕೊಂಡರು. ಬಂಗಾಳ, ಮರಾಠಾ ಎಂದು ಭೂಪಟ ಹಿಡಿದು ಕೂತವರ ನಡುವೆ ಯಾರೋ ಒಬ್ಬರು ಒಂದು ಹಕ್ಕಿಗೆ ಡೇರೆಯಲ್ಲಿದ್ದ ಹೆಣ್ಣುಮಗಳ ಹೆಸರು ಕೊಟ್ಟರಲ್ಲ ಎಂದು ಸಮಾಧಾನ. ಆ ಹಕ್ಕಿ ನಮ್ಮ ಸೀಮೆಯದಲ್ಲ. ಇರಲಿ, ನೆಂಟರ ಮನೆಯದು.

ಮರಕುಟಿಗದ ಹೆಸರಾಯಿತು, ಮರದ ಹೆಸರು ಕೇಳಿದ ಮರಕುಟಿಗವೂ ಒಂದಿದೆ. ಪಾಲಿಯಲ್ಲಿ ಈ ಹಕ್ಕಿಗೆ ರುಕ್ಖಕೋಟ್ಟಕ ಎನ್ನುತ್ತಾರೆ, ಕಿವಿಗೊಟ್ಟರೆ ನಮ್ಮ ಕುಟುಕುವಿಕೆ ಕೇಳುತ್ತದೆ. ಕಂದಗಲಕ ಜಾತಕದಲ್ಲಿ ಬೋಧಿಸತ್ವ ಕಗ್ಗಲಿಯ ಕಾಡಿನಲ್ಲಿರುವ ಮರಕುಟಿಗ. ಅವನ ಗೆಳೆಯ ಕಂದಗಲಕ ಮೆದುಗಟ್ಟಿಗೆಯ ತೋಪಿನವನು. ಗೆಳೆಯನ ಮನೆಗೆ ಬಂದು, ಕಗ್ಗಲಿಯ ಹುಳು ತಿಂದು ರುಚಿ ಹತ್ತಿ, ನೀನು ತೆಗೆದುಕೊಡುವುದೇಕೆ ನಾನೇ ಕುಟ್ಟುತ್ತೇನೆ ಎಂದು ಹೊರಟ. ಬೇಡವೆಂದರೂ ಕೇಳಲಿಲ್ಲ. ಒಂದೇ ಪೆಟ್ಟಿಗೆ ಕೊಕ್ಕು ಮುರಿದು ಬಿದ್ದ. ಪ್ರಾಣ ಬಿಡುವಾಗ ಅವನು ಕೇಳಿದ್ದು ನೀರಲ್ಲ. ಈ ಮುಳ್ಳಿನ ಮರದ ಹೆಸರೇನೆಂದು. ನಾಮಶಾಸ್ತ್ರದ ಹುಚ್ಚು ಹಿಡಿದವರೆಲ್ಲ ಆ ಹಕ್ಕಿಗೆ ವರ್ಷಕ್ಕೊಮ್ಮೆ ಒಂದು ಹೂವಿಡಬೇಕು.

ಕಂದಗಲಕನಿಗೆ ಗೋಕಾಕ ಒಗ್ಗುತ್ತಿತ್ತು. ಹಗುರಾದ ಮೆದುಗಟ್ಟಿಗೆಯೂ ಸುತ್ತಲಿನ ಮಣ್ಣೂ ಸೇರಿ ಬಣ್ಣದ ಗೊಂಬೆ, ಹಣ್ಣುಕಾಯಿ ಆಗುವ ಊರದು. ಗೋಕಾಕದ ಆಟಿಕೆ ಒಂದು ಕಾಲಕ್ಕೆ ಗೆಜೆಟಿಯರಿನಲ್ಲೂ ಹೆಸರು ಮಾಡಿತ್ತು. ಕುಟುಕುವ ಕಲೆಯ ಗುಟ್ಟು ಕೊಕ್ಕಿನ ಬಿರುಸಿನಲ್ಲಿ ಅರ್ಧ, ಕಟ್ಟಿಗೆ ಆರಿಸುವುದರಲ್ಲಿ ಇನ್ನರ್ಧ ಎಂಬುದು ಗೊಂಬೆ ಮಾಡುವವರಿಗೂ ಗೊತ್ತು, ಗಿಡಕುಟಿಗನಿಗೂ ಗೊತ್ತು. ಮೂಡಲಗಿಯ ಕಡೆ ಕಾಲುವೆ ನೀರಿನಲ್ಲಿ ಕಬ್ಬು ತುಂಬಿದ ಹೊಲಗಳ ನಡುವೆ ಹೋಗಿ ನೋಡಿ. ಬದುವಿನಲ್ಲಿ ಉಳಿದ ಒಂದು ಹಳೆಯ ನುಗ್ಗಿಗಿಡವನ್ನೋ, ಒಣಗಿದ ಕೊಂಬೆಯ ಮಾವನ್ನೋ ಹುಡುಕಿ ಅದು ಬಂದಿರುತ್ತದೆ. ಕಬ್ಬು ಎಷ್ಟು ಸಿಹಿಯಾದರೂ ಅದಕ್ಕೆ ಬಾಲ ಊರಲು ಆಸರೆಯಿಲ್ಲ.

ನನಗೊಂದು ಆಸೆ. ಆಲ್ಬಿನ್ನನ ಲಂಡನ್ನಿಗೆ ಅಂದು ಬಂಗಾಳದ ಹಡಗಿನ ಬದಲು ಘಟಪ್ರಭೆಯ ದಂಡೆಯ ಹಕ್ಕಿಯೊಂದು ಹೇಗೋ ತಲುಪಿಬಿಟ್ಟಿದ್ದರೆ? ಡೈನೋಪಿಯಂ ಗೋಕಾಕೆನ್ಸ್. ಲಿಂಗವೂ ಸರಿ, ಲಯವೂ ಸರಿ. ಆಗ ಶಾಂತಿನಿಕೇತನದ ಕಡೆಯ ಯಾವುದೋ ಮಾವಿನ ನೆರಳಿನಲ್ಲಿ ಬಂಗಾಳದ ಪ್ರಬಂಧಕಾರನೊಬ್ಬ, ನನ್ನಷ್ಟೇ ಬಿಡುವುಳ್ಳವನು, ಕತ್ತು ನೋಯಿಸಿಕೊಂಡು ಕೂತಿರುತ್ತಿದ್ದ. ಈ ಗೋಕಾಕ ಎಂಬುದು ಎಲ್ಲಿದೆ, ಅಲ್ಲಿನವರು ಮರಕ್ಕೆ ಏನನ್ನುತ್ತಾರೆ, ನಮ್ಮೂರಿನ ಹಕ್ಕಿಗೆ ಅವರ ಊರು ಹೇಗೆ ಅಂಟಿತು ಎಂದು ತನ್ನ ಭಾಷೆಯಲ್ಲಿ ತಲೆ ಕೆರೆದುಕೊಂಡು, ಅಂಟಿನುಂಡೆ ಎಂಬ ಪದಾರ್ಥದ ಬಗ್ಗೆ ಯಾರದೋ ಬಾಯಲ್ಲಿ ಕೇಳಿದ್ದನ್ನು ಆಧರಿಸಿ ಒಂದು ಪುಟ ತುಂಬಿಸುತ್ತಿದ್ದ. ಸಂದೇಶ ರಸಗುಲ್ಲದ ನಾಡಿನವನು, ಬೆಲ್ಲದ ಪಾಕದಲ್ಲಿ ಕುಳಿತ ಒಣಕೊಬ್ಬರಿ, ಗೋಡಂಬಿ, ಅಂಟನ್ನು ಹಲ್ಲಿಗೆ ಹಾಕದೆ ಏನು ಬರೆದಾನು? ಒಮ್ಮೆ ಬಂದುಹೋಗಲಿ ಅವನು. ಹಕ್ಕಿಯನ್ನು ಕಾಕಾ ತೋರಿಸುತ್ತಾರೆ, ತಲೆಯೆತ್ತದೆಯೇ. ಕರದಂಟಿನ ಖರ್ಚು ನನ್ನದು.